ಒಂದು ಕಣ್ಣು ಮುಚ್ಚಿ ನೋಡಿ

ಶಾಲೆಯ ಮಕ್ಕಳು ಅವಳನ್ನು ಕರೆಯುವುದು ‘ಪುಸ್ತಕದಕ್ಕ’ ಎಂದು. ವಯಸ್ಸು ಇಪ್ಪತ್ತೆರಡು, ಮದುವೆಯಾಗಿ ಒಂದು ವರ್ಷ. ಬೆಳಗ್ಗೆ ಏಳರಿಂದ ಒಂಬತ್ತೂವರೆವರೆಗೆ ಕಾಲೇಜು, ಪದವಿಯ ಕೊನೆಯ ವರ್ಷ. ಹತ್ತರಿಂದ ನಾಲ್ಕೂವರೆವರೆಗೆ ಶಾಲೆಯ ಗ್ರಂಥಾಲಯದಲ್ಲಿ ಸಹಾಯಕಿಯ ಕೆಲಸ. ಮನೆಗೆ ಬಂದು ಒಲೆ ಹಚ್ಚಿ, ಬಟ್ಟೆ ಮಡಚಿ, ಪುಸ್ತಕ ತೆರೆದರೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತಿತ್ತು. ಮೂರು ತಿಂಗಳಿಂದ ಇದೇ ಪಾಡು.

“ಕಾಲೇಜು, ಕೆಲಸ, ಸಂಸಾರ. ಒಂದು ತಲೆ ಎಷ್ಟು ಅಂತ ಹೊರುತ್ತೆ?” ಎಂದರು ಅತ್ತೆ, ಅವಳ ಹಣೆಗೆ ಮುಲಾಮು ಹಚ್ಚುತ್ತ. “ಈ ಸಲ ಪರೀಕ್ಷೆ ಬಿಟ್ಟುಬಿಡು ಕಣೇ. ಓದು ನಿಂತ್ರೆ ನೋವೂ ನಿಲ್ಲುತ್ತೆ.”

ಅತ್ತೆ ಗದರಿದ್ದರೆ ವಾದ ಮಾಡಬಹುದಿತ್ತು. ಮುಲಾಮು ಹಚ್ಚುವ ಕೈಯೊಂದಿಗೆ ಏನು ವಾದ? ಭರ್ತಿ ಮಾಡಿದ ಪರೀಕ್ಷೆಯ ಅರ್ಜಿ ಚೀಲದಲ್ಲೇ ಉಳಿದಿತ್ತು. ಕೊಡಲು ಶುಕ್ರವಾರ ಕೊನೆಯ ದಿನ. ಕೊಡುವುದು ಬೇಡ ಎಂದು ಅವಳಿಗೂ ಅನ್ನಿಸತೊಡಗಿತ್ತು.

ಬುಧವಾರ ಮಕ್ಕಳ ಕಣ್ಣು ಪರೀಕ್ಷಿಸಲು ಆಸ್ಪತ್ರೆಯಿಂದ ಸಿಸ್ಟರ್ ಒಬ್ಬರು ಶಾಲೆಗೆ ಬಂದರು. ಉದ್ದನೆಯ ಕೋಣೆ ಬೇಕಿತ್ತು. ಶಾಲೆಯಲ್ಲಿ ಅಷ್ಟು ಉದ್ದ ಇದ್ದದ್ದು ಗ್ರಂಥಾಲಯ ಮಾತ್ರ. ಸಿಸ್ಟರ್ ಗೋಡೆಗೆ ಪಟ್ಟಿ ತೂಗುಹಾಕಿ, ಟೇಪು ಹಿಡಿದು ಆರು ಮೀಟರ್ ಅಳೆದು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಪಟ್ಟಿಯ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಗುರುತು. ಕೆಳಗಿಳಿದಂತೆ ಗುರುತು ಚಿಕ್ಕದಾಗುತ್ತದೆ. ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು.

ಸಾಲಿನ ಮೊದಲಿಗಿದ್ದ ಒಂದನೇ ತರಗತಿಯ ಹುಡುಗಿ ಅಳಲು ಶುರುಮಾಡಿದಳು. “ಕಣ್ಣಿಗೆ ಸೂಜಿ ಚುಚ್ತಾರಾ?”

“ಯಾರೂ ಚುಚ್ಚಲ್ಲ ಪುಟ್ಟಿ. ಮೊದಲು ನಿಮ್ಮ ಪುಸ್ತಕದಕ್ಕನೇ ಬರಲಿ, ನೋಡು,” ಎಂದರು ಸಿಸ್ಟರ್.

ಪುಸ್ತಕದಕ್ಕ ಗೆರೆಯ ಮೇಲೆ ನಿಂತಳು. ಅಂಗೈಯಿಂದ ಎಡಗಣ್ಣು ಮುಚ್ಚಿ, ಕೊನೆಯ ಸಾಲಿನವರೆಗೂ ಪಟಪಟನೆ ತೋರಿಸಿದಳು. ಮಕ್ಕಳಿಂದ ಚಪ್ಪಾಳೆ. ನಂತರ ಬಲಗಣ್ಣು ಮುಚ್ಚಿದಳು. ಎರಡನೇ ಸಾಲಿಗೇ ಮಕ್ಕಳು ಕೂಗಿದರು: “ಅಕ್ಕ ತಪ್ಪು! ಅಕ್ಕ ತಪ್ಪು!”

“ಸಿಸ್ಟರ್, ಪಟ್ಟಿ ಮಸುಕಾಗಿದೆ. ಲೈಟ್ ಹಾಕಲಾ?”

“ಲೈಟ್ ಉರೀತಾನೇ ಇದೆಯಲ್ಲಮ್ಮ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಅಳುತ್ತಿದ್ದ ಹುಡುಗಿಯೂ ನಕ್ಕಳು. ಸಿಸ್ಟರ್ ಮಾತ್ರ ನಗಲಿಲ್ಲ. “ಓದೋವಾಗ ತಲೆನೋವು ಬರುತ್ತಾ?”

“ನಿಮಗೆ ಹೇಗೆ ಗೊತ್ತಾಯ್ತು?”

“ಎರಡೂ ಕಣ್ಣು ತೆರೆದಿದ್ದಾಗ ಚೆನ್ನಾಗಿರೋ ಕಣ್ಣೇ ಕೆಲಸ ನಡೆಸಿಕೊಂಡು ಹೋಗುತ್ತೆ. ಇನ್ನೊಂದು ಸೋತಿದೆ ಅಂತ ಗೊತ್ತೇ ಆಗಲ್ಲ. ತಲೆನೋವಿಗೆ ಬೇರೆ ಕಾರಣಾನೂ ಇರಬಹುದು, ನಾನು ಈಗಲೇ ಇದೇ ಅನ್ನಲ್ಲ. ನಾಳೆ ಆಸ್ಪತ್ರೆಗೆ ಬನ್ನಿ, ಡಾಕ್ಟರ್ ನೋಡಲಿ.”

ಅಂದು ಸಂಜೆ ಅವಳು ನಡೆದು ಬರಲಿಲ್ಲ, ಹೆಚ್ಚುಕಡಿಮೆ ಓಡಿಯೇ ಬಂದಳು. ತಪ್ಪು ಓದಿನದಲ್ಲದೇ ಇರಬಹುದು! ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಅತ್ತೆ ಕರಗಲಿಲ್ಲ. “ಕನ್ನಡಕಾನಾ? ಒಂದು ಸಲ ಹಾಕಿದ್ರೆ ಮುಗೀತು. ಕಣ್ಣು ಅದಕ್ಕೇ ಒಗ್ಗಿ ಇನ್ನೂ ಕೆಡುತ್ತೆ. ಇಷ್ಟು ದಿನ ಯಾವ ಗೋಡೆಗೆ ಡಿಕ್ಕಿ ಹೊಡೆದೆ ನೀನು?”

“ಸರಿಯಾದ ಕನ್ನಡಕದಿಂದ ಕಣ್ಣು ಕೆಡಲ್ಲವಂತೆ ಅತ್ತೆ. ಸಿಸ್ಟರ್‌ನ ಇದನ್ನೇ ಕೇಳಿಕೊಂಡು ಬಂದೆ. ನೀವು ಹೀಗೇ ಹೇಳ್ತೀರ ಅಂತ ಗೊತ್ತಿತ್ತು.”

ಬಾಗಿಲಾಚೆ ಅವಳ ಗಂಡ ಹಲಗೆಯೊಂದನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಅಂಚು ನೋಡುತ್ತಿದ್ದ. ಅವನು ಬಡಗಿ. “ಅಮ್ಮ, ನಾನು ಹಲಗೆ ನೆಟ್ಟಗಿದೆಯಾ ಅಂತ ನೋಡೋದು ಒಂದು ಕಣ್ಣು ಮುಚ್ಚಿಯೇ ಅಲ್ವಾ? ಎರಡೂ ತೆರೆದ್ರೆ ಡೊಂಕು ತಪ್ಪಿಸಿಕೊಳ್ಳುತ್ತೆ.”

“ಬಂದ್ಯಾ ಹೆಂಡತಿ ಪರ!”

“ಆದ್ರೆ ರೀ, ನೀವು ಯಾವಾಗ್ಲೂ ಮುಚ್ಚೋದು ಎಡಗಣ್ಣೇ,” ಎಂದಳು ಅವಳು. “ಬಲಗಣ್ಣು ಮುಚ್ಚಿ ನೋಡಿದ್ದೀರಾ?”

ಅವನು ತಬ್ಬಿಬ್ಬಾದ. ಒಳಗೆ ಬಂದು, ದೂರದ ಗೋಡೆಯ ಕ್ಯಾಲೆಂಡರನ್ನು ಒಂದೊಂದೇ ಕಣ್ಣಿನಿಂದ ಓದಿ, ಗೆದ್ದವನಂತೆ ಎದೆಯುಬ್ಬಿಸಿದ.

“ಸರಿ, ಇರಿ, ನಾನೂ ನೋಡಿ ನಿಮ್ಮಿಬ್ಬರ ಬಾಯಿ ಮುಚ್ಚಿಸ್ತೀನಿ,” ಎಂದು ಅತ್ತೆ ಎದ್ದು ನಿಂತರು. ಬಲಗಣ್ಣು ಮುಚ್ಚಿ ತಾರೀಖು ಗಟ್ಟಿಯಾಗಿ ಓದಿದರು. ಎಡಗಣ್ಣು ಮುಚ್ಚಿದರು.

“ಕ್ಯಾಲೆಂಡರ್ ಯಾರು ತೆಗೆದಿಟ್ರು?”

ಯಾರೂ ತೆಗೆದಿರಲಿಲ್ಲ. ಅತ್ತೆ ಕೈ ತೆಗೆದರು, ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಕೊನೆಗೆ ಮೆಲ್ಲಗೆ ಕುಳಿತು ಕೇಳಿದರು: “ಎಷ್ಟು ಗಂಟೆಗೆ ತೆಗೀತಾರಂತೆ ಆ ಆಸ್ಪತ್ರೆ?”

ಗುರುವಾರ ಮೂವರೂ ಹೋದರು. ಡಾಕ್ಟರು ಸೊಸೆಯ ಎಡಗಣ್ಣಿಗೆ ಕನ್ನಡಕ ಬೇಕೆಂದು ಬರೆದುಕೊಟ್ಟರು. ಅದು ಕೈಗೆ ಬರುವವರೆಗೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಓದು ನಿಲ್ಲಿಸಿ ಕಣ್ಣಿಗೆ ಬಿಡುವು ಕೊಡಿ ಎಂದರು. ಅತ್ತೆಯ ಬಲಗಣ್ಣಿನಲ್ಲಿ ಪೊರೆ ಬೆಳೆದಿತ್ತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ತಾನು ಗೆದ್ದೆ ಎಂದುಕೊಂಡಿದ್ದ ಬಡಗಿಗೂ ಒಂದು ಬುದ್ಧಿಮಾತು ಸಿಕ್ಕಿತು: ಮರದ ಪುಡಿ ಹಾರುವಾಗ ರಕ್ಷಣೆಯ ಕನ್ನಡಕ ಹಾಕು.

ಹೊರಗೆ ಬರುತ್ತಲೇ ಅತ್ತೆ ತಿರುಗಿ ನಿಂತರು. “ಆ ಅರ್ಜಿ ಎಲ್ಲಿದೆ?”

“ಚೀಲದಲ್ಲಿ.”

“ನಾಳೆ ಅದನ್ನ ಕೊಡದೆ ಮನೆಗೆ ಬಾ, ಗೊತ್ತಾಗುತ್ತೆ ನಿಂಗೆ!”

ಶುಕ್ರವಾರ ಬೆಳಗ್ಗೆ ಕಾಲೇಜಿನ ಕಚೇರಿ ತೆರೆಯುವ ಮೊದಲೇ ಪುಸ್ತಕದಕ್ಕ ಕಿಟಕಿಯ ಎದುರು ನಿಂತಿದ್ದಳು. ಕನ್ನಡಕ ಬಂದ ಎರಡನೇ ವಾರದಲ್ಲಿ ಒಂದು ದಿನ ಒಂದು ಇಡೀ ಪಾಠ ಓದಿ ಮುಗಿಸಿದ ಮೇಲೆ, ಮುಲಾಮಿನ ಡಬ್ಬಿ ಎಲ್ಲಿದೆ ಎಂಬುದೇ ಅವಳಿಗೆ ನೆನಪಾಗಲಿಲ್ಲ. ಅತ್ತೆಯಂತೂ ಈಗ ಹಾಲು ಕೊಡಲು ಬಂದವನನ್ನೂ ಬಿಡುವುದಿಲ್ಲ. “ಪಾತ್ರೆ ಆಮೇಲೆ. ಮೊದಲು ಒಂದು ಕಣ್ಣು ಮುಚ್ಚು!”

ಓದುಗರೇ, ಇಷ್ಟನ್ನೂ ನೀವು ಎರಡು ಕಣ್ಣು ತೆರೆದು ಓದಿದಿರಿ. ಈಗ ಎದ್ದು ನಿಲ್ಲಿ. ದೂರದ ಗೋಡೆಯ ಕ್ಯಾಲೆಂಡರನ್ನೋ ಎದುರಿನ ಅಂಗಡಿಯ ಫಲಕವನ್ನೋ ನೋಡಿ. ಕಣ್ಣನ್ನು ಒತ್ತದೆ, ಅಂಗೈಯಿಂದ ಒಂದನ್ನು ಮುಚ್ಚಿ ಓದಿ, ಆಮೇಲೆ ಇನ್ನೊಂದನ್ನು. ಕನ್ನಡಕ ಇದ್ದವರು ಹಾಕಿಕೊಂಡೇ ನೋಡಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಕಣ್ಣಿನ ಡಾಕ್ಟರ ಬಳಿ ಹೋಗಿ. ದೃಷ್ಟಿ ದಿಢೀರನೆ ಕುಂದಿದರೆ ಅದೇ ದಿನ ಹೋಗಿ. ಮನೆಯಲ್ಲಿ ಮಾಡುವ ಈ ಪರೀಕ್ಷೆ ಡಾಕ್ಟರ ತಪಾಸಣೆಗೆ ಬದಲಿಯಲ್ಲ. ಅಲ್ಲಿಗೆ ಹೋಗಲು ಒಂದು ನೆಪ ಅಷ್ಟೆ. ಮಕ್ಕಳನ್ನಂತೂ ಶಾಲೆಗೆ ಸೇರಿಸುವ ಮೊದಲೇ ತೋರಿಸಿ. ಕಾಣುತ್ತಿಲ್ಲ ಎಂದು ಅವರು ದೂರುವುದಿಲ್ಲ, ಲೋಕ ಇರುವುದೇ ಹೀಗೆ ಎಂದುಕೊಂಡಿರುತ್ತಾರೆ.

ಕಾಗದ ಕೆಳಗಿಡಿ. ಯಾವ ಕಣ್ಣು ಮೊದಲು?