ಹದಿನೈದಕ್ಕೆ ಎರಡು ಕಡಿಮೆ

ಅವ್ವನಿಗೆ ಮಾತು ಹೋದ ಮೇಲೆ ಮನೆಗೆ ಬಂದವರೆಲ್ಲ ಅವಳ ಹತ್ತಿರ ಕೂಗಿ ಮಾತಾಡತೊಡಗಿದರು. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಹೇಳಿ ಹೇಳಿ ಅನ್ನುವುದೂ ಪೂರ್ತಿ ನಿಜವಲ್ಲ. ಬಾಯಿಬಿಟ್ಟು ಹೇಳಿದ್ದು ಎರಡು ಸಲ, ಉಳಿದದ್ದೆಲ್ಲ ಮನಸ್ಸಿನಲ್ಲೇ.

ಐದು ತಿಂಗಳ ಹಿಂದೆ, ಮೆಕ್ಕೆಜೋಳ ಬಿಡಿಸುತ್ತಾ ಕೂತಿದ್ದ ಅವ್ವನ ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿತು. ಜೀವ ಉಳಿಯಿತು, ನಡಿಗೆಯೂ ಬಂತು, ಬಲಗೈಯಲ್ಲಿ ಸ್ವಲ್ಪ ಶಕ್ತಿ ಕಡಿಮೆ ಅಷ್ಟೆ. ಪದಗಳು ಮಾತ್ರ ಬೇಕೆಂದಾಗ ಸಿಗುವುದಿಲ್ಲ. ಇದನ್ನು ವಿವರಿಸಲು ಊರಿನವರ ಹತ್ತಿರ ಒಂದೊಂದು ಹೋಲಿಕೆ ಇದೆ. "ವೈರ್ ಲೂಸ್ ಆಗೈತೆ" ಎಂದ ಮೆಡಿಕಲ್ ಶಾಪಿನ ರವಿ. "ಬೋರಲ್ಲಿ ನೀರೈತೆ, ಮೋಟ್ರು ಸುಟ್ಟೈತೆ" ಎಂದ ಉಜ್ಜಪ್ಪ ಮಾವ. ಅವ್ವ ಎದುರಿಗೇ ಕೂತಿರುತ್ತಾಳೆ, ಎಲ್ಲ ಅರ್ಥವಾಗುತ್ತದೆ, ತಿರುಗಿ ಬೈಯಲು ಪದ ಸಿಗುವುದಿಲ್ಲ.

ಶಿಕಾರಿಪುರದ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ವಿಭಾ ಎಂಬ ಮೇಡಂ ಇಂಥವರಿಗೆ ಮಾತು ಮರಳಿಸುವ ಸಂಶೋಧನೆ ಮಾಡುತ್ತಿದ್ದಾರೆ, ಸೇರಿಸಿಕೊಂಡರೆ ಮೂರು ತಿಂಗಳು ವಾರಕ್ಕೆರಡು ಸಲ ಚಿಕಿತ್ಸೆ ಎಂದು ಗೊತ್ತಾಯಿತು. ನಮ್ಮ ಸುತ್ತಮುತ್ತ ಇನ್ನೆಲ್ಲೂ ಇಂಥದ್ದಿಲ್ಲ. ಹೊಸಬಾಳೆಯಿಂದ ಸೊರಬ, ಅಲ್ಲಿ ಬಸ್ಸು ಬದಲಿಸಿ ಶಿರಾಳಕೊಪ್ಪದ ಮೇಲೆ ಶಿಕಾರಿಪುರ. ಅಪ್ಪನ ಕೈಯಲ್ಲಿ ಬೀಜದಂಗಡಿಯ ಹಳದಿ ಚೀಲ, ಅದರೊಳಗೆ ಅವ್ವನ ತಲೆಯ ಸ್ಕ್ಯಾನು, ಐದು ತಿಂಗಳ ಕಾಗದಪತ್ರ.

ವಿಭಾ ಮೇಡಂ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ ಅಪ್ಪನಿಗೆ ವಾಪಸ್ ಕೊಟ್ಟರು. ಆಮೇಲೆ ಅವ್ವನ ಕಡೆ ತಿರುಗಿದರು.

"ನಿಮ್ಮ ಹೆಸರು ಹೇಳಿ, ಅಮ್ಮ."

"ತುಂಗಮ್ಮ" ಎಂದ ಅಪ್ಪ.

"ನೀವಲ್ಲ ಸರ್, ಅವರು ಹೇಳ್ಬೇಕು."

"ಅವಳ ಹೆಸ್ರೇ ನಾನು ಹೇಳಿದ್ದು."

"ಯಾವ ಊರು, ಅಮ್ಮ?"

"ಹೊಸಬಾಳೆ. ತವರುಮನೆ ತೊಗರ್ಸಿ" ಎಂದ ಅಪ್ಪ, ಕೇಳದ ಪ್ರಶ್ನೆಗೂ ಸೇರಿಸಿ.

ಐದು ತಿಂಗಳಿಂದ ಮನೆಯಲ್ಲೂ ಇದೇ ಕತೆ. ಅವ್ವ ಬಾಯಿ ತೆರೆಯುವುದೇ ತಡ, "ನೀರು ಬೇಕಂತೆ" ಅನ್ನುತ್ತಾನೆ. ಈ ಐದು ತಿಂಗಳಲ್ಲಿ ಅವ್ವ ಬೇಡದೆ ಕುಡಿದ ನೀರು ಒಂದು ಗದ್ದೆಗೆ ಸಾಕು.

ಮೇಡಂ ಎದ್ದು ಬಾಗಿಲು ತೆರೆದರು. "ಸರ್, ಹೊರಗೆ ಹೋಗಿ ಒಂದು ಟೀ ಕುಡ್ಕೊಂಡು ಬನ್ನಿ." ಅಪ್ಪ ಮುಖ ಸಣ್ಣದು ಮಾಡಿಕೊಂಡು, ಚೀಲವನ್ನು ಹೊರಗಿನ ಬೆಂಚಿನ ಕೆಳಗೆ ತಳ್ಳಿ ಹೋದ. "ನೀವು ಇರ್ಬಹುದು" ಎಂದರು ನನಗೆ. "ಆದ್ರೆ ಮಾತಾಡ್ಬಾರ್ದು."

ಇಷ್ಟು ಸುಲಭದ ನಿಯಮವನ್ನು ನನಗೆ ಯಾರೂ ಹಾಕಿರಲಿಲ್ಲ. ಎದ್ದು ನಿಂತು ಪಾಠ ಓದಬೇಕಲ್ಲ ಎಂದೇ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮೂಲೆಯ ಸ್ಟೂಲಿನಲ್ಲಿ ಕೂತೆ.

ಮೂವತ್ತು ಪ್ರಶ್ನೆ. ಮೊದಲಿನವು ಅವ್ವನ ಬಗ್ಗೆಯೇ, ಉಳಿದವು ಚಿತ್ರದ ಕಾರ್ಡು. ಒಂದೊಂದಕ್ಕೂ ಹತ್ತು ಸೆಕೆಂಡು. ಪದ ಸಿಗದಿದ್ದಾಗ ಅವ್ವನ ಎಡಗೈ ಹೆಬ್ಬೆರಳು ಬೆರಳ ತುದಿಗಳನ್ನು ಉಜ್ಜುತ್ತದೆ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಹೆಸರು ಬಂತು, ಊರು ಬಂತು.

"ನಿಮ್ಮ ಗಂಡನ ಹೆಸರೇನು?"

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು. ಕೈ ಆಡಲಿಲ್ಲ. ಹತ್ತು ಸೆಕೆಂಡು ಕಳೆಯಿತು. ಮೇಡಂ ಸೊನ್ನೆ ಬರೆದರು.

ಕಾರ್ಡು ಬಂದವು. ಬಾಚಣಿಗೆ ಬಂತು. ಕೊಡ ಬಂತು. ಬೀಗಕ್ಕೆ ಹೆಬ್ಬೆರಳು ಉಜ್ಜಿ ಉಜ್ಜಿ ಒಂಬತ್ತನೇ ಸೆಕೆಂಡಿಗೆ ಬಂತು. ಹಡಗು ಬರಲಿಲ್ಲ. ಹಡಗನ್ನು ಅವಳೆಲ್ಲಿ ನೋಡಿದ್ದಾಳೆ? ನಾನೇ ನೋಡಿಲ್ಲ. ಆಮೇಲೆ ಹೆಡೆಯೆತ್ತಿದ ನಾಗರಹಾವು.

"ಹುಳ" ಎಂದಳು ಅವ್ವ, ತಡವರಿಸದೆ.

ಮತ್ತೊಂದು ಸೊನ್ನೆ. ನಾನು ಸ್ಟೂಲಿನ ಅಂಚು ಹಿಡಿದುಕೊಂಡೆ.

ಕೊನೆಗೆ ಮೇಡಂ ಕೂಡಿದರು. ಹದಿಮೂರು. ಟೀ ಕುಡಿದು ಬಂದ ಅಪ್ಪನಿಗೆ ನಿಧಾನವಾಗಿ ಹೇಳಿದರು. "ಹದಿನೈದಾದ್ರೂ ಬೇಕಿತ್ತು ಸರ್. ಅದಕ್ಕಿಂತ ಕಡಿಮೆ ಇದ್ದೋರಿಗೆ ಈ ಅಭ್ಯಾಸ ಉಪಯೋಗ ಆಗುತ್ತೋ ಇಲ್ವೋ ಗೊತ್ತಿಲ್ಲ. ಅದಕ್ಕೇ ಸೇರಿಸ್ಕೊಳ್ಳೋ ಹಾಗಿಲ್ಲ."

"ಆಯ್ತು ಬಿಡ್ರಿ ಮೇಡಂ, ನಮ್ಮ ಹಣೇಬರ" ಎಂದು ಅಪ್ಪ ಎದ್ದೇಬಿಟ್ಟ. ಬೇಕಾದ ಕಡೆ ಮಾತಾಡುವುದಿಲ್ಲ ಈ ಮನುಷ್ಯ.

ಅವ್ವ ನನ್ನನ್ನು ನೋಡಿದಳು.

"ಹುಳ ಸರಿ ಐತೆ" ಎಂದೆ.

"ಏನಂದ್ರಿ?"

"ಹುಳ. ಅದು ಸರಿ."

"ಹುಳ ಅಂದ್ರೆ ಇರುವೆ, ಜಿರಳೆ ಅಲ್ವಾ?"

ಅಷ್ಟರಲ್ಲಿ ಬಾಗಿಲಲ್ಲಿ ನೆಲ ಒರೆಸುವ ಬಕೆಟ್ ಹಿಡಿದು ನಿಂತಿದ್ದ ವಾರ್ಡ್ ಬಾಯ್ ಸುಬ್ಬಪ್ಪ ನಕ್ಕ. "ಏನ್ರೀ ಮೇಡಂ, ನಮ್ಮ ಕಡಿ ಹಾವಿಗೆ ಹುಳ ಅನ್ನದು. ಹುಳ ಮುಟ್ಟೈತಿ ಅಂತ ರಾತ್ರೆಲ್ಲ ಜನ ಬರ್ತಾರಲ್ರೀ, ಅವ್ರಿಗೆ ಜಿರಳೆ ಕಚ್ಚಿರ್ತೈತೇನು?"

ಮೇಡಂ ಮುಖ ಕೆಂಪಾಯಿತು. ಪರೀಕ್ಷೆಯ ನಿಯಮದ ಪುಸ್ತಕ ತಿರುವಿ, ಊರ ಕಡೆಯ ಪದ ಒಪ್ಪಬಹುದು ಎಂಬ ಸಾಲು ಹುಡುಕಿ, ಸೊನ್ನೆ ಹೊಡೆದು ಹಾಕಿದರು. "ಹದಿನಾಲ್ಕು."

"ಇನ್ನೊಂದು" ಎಂದೆ. ಶುರು ಮಾಡಿದ ಮೇಲೆ ನಿಲ್ಲಿಸುವುದೂ ಕಷ್ಟ ಎಂದು ಆಗಲೇ ಗೊತ್ತಾದದ್ದು. "ಗಂಡನ ಹೆಸ್ರು ಗೊತ್ತಿದ್ದೂ ಹೇಳಿಲ್ಲ. ಗೊತ್ತಿಲ್ದಿದ್ರೆ ಕೈ ಆಡ್ತೈತೆ. ಆಗ ಆಡ್ಲಿಲ್ಲ."

ಮೇಡಂ ಅವ್ವನ ಕೈ ನೋಡಿದರು, ಆಮೇಲೆ ನನ್ನನ್ನು. "ನೀವು ಗಮನಿಸಿದ್ದು ಸರಿ ಇರ್ಬಹುದು. ಇನ್ನೊಂದು ಸಲ ಕೇಳ್ಬಹುದು, ಆದ್ರೆ ಅವರ ಬಾಯಿಂದಲೇ ಬರ್ಬೇಕು."

"ಹೇಳೇ, ನಾನೇ ಹೇಳು ಅಂತಿದೀನಿ" ಎಂದ ಅಪ್ಪ. "ಏನೂ ಆಗಲ್ಲ ನಂಗೆ."

ಅವ್ವ ಅವನನ್ನು ಸುಡುವ ಹಾಗೆ ನೋಡಿದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಅವನ ಹೆಸರೆತ್ತಿಲ್ಲ. ರೇಷನ್ ಕಾರ್ಡಿಗೆ ಕೇಳಿದರೆ ನನ್ನ ಪಕ್ಕೆ ತಿವಿಯುತ್ತಿದ್ದಳು. ಹೆಸರಿನ ಅರ್ಧ ಬರುತ್ತದೆಂದು ನಾಗರಪಂಚಮಿಗೂ ಬರೀ ಪಂಚಮಿ ಅನ್ನುವವಳು. ಅವಳು ಆ ಹೆಸರು ಹೇಳುವುದು ಒಂದೇ ಕಡೆ: ಮದುವೆ ಮನೆಯಲ್ಲಿ, ಹುಡುಗಿಯರು ಬಾಗಿಲಿಗೆ ಅಡ್ಡ ನಿಂತು ಕೇಳಿದಾಗ, ಎರಡು ಸಾಲಿನ ಪದ್ಯದಲ್ಲಿ ಹೆಸರು ಸೇರಿಸಿ, ಒಡಪು ಕಟ್ಟಿ. ಒಡಪಿನಲ್ಲಿ ತೊಗರ್ಸಿಯ ತುಂಗಮ್ಮನನ್ನು ಸೋಲಿಸಿದವರಿಲ್ಲ. ನಾನು ಅಂಥ ಕಡೆಯೆಲ್ಲ ಹಿಂದಿನ ಸಾಲಿನಲ್ಲಿ ಬೇರೆಯವರ ಬೆನ್ನ ಮರೆಗೆ ನಿಲ್ಲುವವಳು.

ಹೋಗಿ ಬಾಗಿಲಿಗೆ ಅಡ್ಡ ಎರಡೂ ಕೈ ಚಾಚಿ ನಿಂತೆ. ಸುಬ್ಬಪ್ಪ ಬಕೆಟ್ ಸಮೇತ ಪಕ್ಕಕ್ಕೆ ಸರಿದ. "ಹೆಸ್ರು ಹೇಳಿದ್ರೇ ದಾರಿ" ಎಂದೆ. ನನ್ನ ಕಿವಿಯೆಲ್ಲ ಬಿಸಿಯಾಗಿತ್ತು.

ಅವ್ವ ಎದ್ದಳು. ಸೆರಗು ಸರಿಮಾಡಿಕೊಂಡಳು. ಐದು ತಿಂಗಳಿಂದ ಎರಡು ಪದ ಕೂಡಿಸಲಾಗದ ಬಾಯಿಂದ, ಎಲ್ಲೂ ಮುಗ್ಗರಿಸದೆ, ರಾಗವಾಗಿ ಬಂತು:

"ಹಿತ್ತಲ ಮಲ್ಲಿಗೆಗೆ ಹಿಡಿಯಷ್ಟೇ ನೀರು,
ನಾಗರಾಜಪ್ಪನ ಹೆಸರ ಕೇಳೋಕೆ ನೀವ್ಯಾರು?"

ಅಪ್ಪ ಹೊಸ ಮದುಮಗನ ಹಾಗೆ ಗೋಡೆ ನೋಡಿದ. ಸುಬ್ಬಪ್ಪ "ಭೇಷ್!" ಎಂದ. ಮೇಡಂ ಚಪ್ಪಾಳೆ ತಟ್ಟಿದರು, ಆಮೇಲೆ ಪೆನ್ನು ಹಿಡಿದು ಹಾಗೇ ಕೂತರು.

"ಆದ್ರೆ..." ಎಂದರು.

ಈ "ಆದ್ರೆ"ಗೆ ನನಗೆ ಅಳು ಬರುವುದೊಂದು ಬಾಕಿ.

"ಬಾಯಿಪಾಠದ್ದು, ಹಾಡು, ಎಣಿಕೆ, ಇವು ಎಡಗಡೆ ಪೆಟ್ಟಾದ್ರೂ ಎಷ್ಟೋ ಜನಕ್ಕೆ ಉಳಿದಿರುತ್ತೆ. ಮಿದುಳು ಅದನ್ನ ಬೇರೆ ರೀತಿ ಇಟ್ಟುಕೊಂಡಿರುತ್ತೆ ಅನ್ಸುತ್ತೆ. ಚಿಕಿತ್ಸೇಲಿ ಇದು ತುಂಬಾ ಉಪಯೋಗ. ಆದ್ರೆ ಹೆಸರು ಹುಡುಕಿ ಹೇಳಿದ್ದು ಅಂತ ಅಂಕ ಕೊಡೋಕೆ ಬರಲ್ಲ."

ಉಪಯೋಗವಂತೆ. ಚಿಕಿತ್ಸೆಗೆ ಸೇರಿಸಿಕೊಳ್ಳುವುದಿಲ್ಲವಂತೆ. ಯಾವ ಸಿಟ್ಟನ್ನು ಯಾರ ಮೇಲೆ ಹಾಕಲಿ?

ಅವ್ವ ಮೇಡಂ ಕೈಯಲ್ಲಿ ನಿಂತ ಪೆನ್ನನ್ನೇ ನೋಡುತ್ತಿದ್ದಳು. ಅವಳ ಎಡಗೈ ಹೆಬ್ಬೆರಳು ಆಡತೊಡಗಿತು. ಅಪ್ಪ "ನೀರು..." ಎಂದು ಬಾಯಿ ತೆರೆದ. ಸುಬ್ಬಪ್ಪ ಅವನ ರಟ್ಟೆ ಹಿಡಿದ.

"ಬ..." ಎಂದಳು ಅವ್ವ. "ಬ... ಬರ್ಕೊ."

ಆಮೇಲೆ ಬಲಗೈಯನ್ನು ಕಷ್ಟಪಟ್ಟು ಎತ್ತಿ ಅಪ್ಪನ ಕಡೆ ತೋರಿಸಿದಳು. "ಅವ್ರೇ. ಬರ್ಕೊ."

ಮೇಡಂ ಅವ್ವನ ಬೆರಳು ತೋರಿಸಿದ ಕಡೆ ನೋಡಿದರು. "ಇದು ಬಾಯಿಪಾಠ ಅಲ್ಲ" ಎಂದರು ಕೊನೆಗೆ. "ಹೆಸರು ಹೇಳಿ, ಆ ಹೆಸರಿನೋರು ಯಾರು ಅಂತ ತೋರಿಸಿದ್ದಾರೆ." ಸೊನ್ನೆ ಹೊಡೆದು ಒಂದು ಬರೆದರು. ಪಕ್ಕದಲ್ಲಿ ನಾಲ್ಕು ಸಾಲು ಟಿಪ್ಪಣಿಯನ್ನೂ ಬರೆದರು. "ನಮ್ಮ ಗೈಡ್ ಸರ್ ಕೇಳಿದ್ರೆ ಜವಾಬು ನಾನು ಕೊಡ್ತೀನಿ. ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ಬನ್ನಿ. ಮನೇಲಿ ಅಭ್ಯಾಸಕ್ಕೆ ಇವರು ಇರ್ಲಿ" ಎಂದು ನನ್ನನ್ನು ತೋರಿಸಿದರು.

"ಇವ್ಳಾ?" ಎಂದ ಅಪ್ಪ. "ಇವ್ಳ ಬಾಯಿ ಬಿಡ್ಸೋಕೇ ಇನ್ನೊಬ್ರು ಬೇಕು."

"ನಿಮಗಿಂತ ಇವರೇ ಸರಿ ಸರ್. ಇವರಿಗೆ ಕಾಯೋಕೆ ಬರುತ್ತೆ."

ಬಸ್ಸು ಹೊರಟಿತು. ಅಪ್ಪ ಸಿಕ್ಕವರಿಗೆಲ್ಲ ಫೋನ್ ಮಾಡಿ, ತನ್ನ ಹೆಸರಿನಿಂದಲೇ ಅವ್ವ ಪಾಸಾದಳು ಎಂದು ಹೇಳುತ್ತಿದ್ದ. ಶಿಕಾರಿಪುರ ದಾಟುವ ಮೊದಲೇ ಅವ್ವ ಸೀಟಿನಲ್ಲಿ ಚಡಪಡಿಸತೊಡಗಿದಳು. ಹೆಬ್ಬೆರಳು ಉಜ್ಜುತ್ತಿತ್ತು.

"ನೀರು ಬೇಕಂತೆ" ಎಂದ ಅಪ್ಪ, ಫೋನು ಕೆಳಗಿಟ್ಟು.

"ಅಪ್ಪ, ಸುಮ್ನಿರು."

ಅವನು ತಿರುಗಿ ನನ್ನನ್ನೇ ನೋಡಿದ. ಸುಮ್ಮನಾದ. ಅವ್ವನ ತುಟಿ ಕೂಡುತ್ತದೆ, ಬಿಡುತ್ತದೆ. "ಅದು... ಅದು..." ಅನ್ನುತ್ತಾಳೆ. ನೆರವಾಗದೆ ಕೂತ ನನ್ನ ಮೇಲೇ ನನಗೆ ರೇಗುತ್ತಿತ್ತು, ಆದರೂ ಊಹಿಸಲಿಲ್ಲ, ಕಾದೆ. ಶಿರಾಳಕೊಪ್ಪದ ಮೊದಲ ಮನೆಗಳು ಕಾಣುವ ಹೊತ್ತಿಗೆ ಬಂತು.

"ಚೀ... ಚೀಲ."

ಮೂವರೂ ಅಪ್ಪನ ಖಾಲಿ ಕೈ ನೋಡಿದೆವು. ಹಳದಿ ಚೀಲ ಆಸ್ಪತ್ರೆಯ ಬೆಂಚಿನ ಕೆಳಗೇ ಉಳಿದಿತ್ತು.

"ಮೊದ್ಲೇ ಹೇಳ್ಬಾರ್ದಿತ್ತೇನೇ!" ಎಂದ ಅಪ್ಪ.

ಅವ್ವ ಬಾಯಿ ತೆರೆದಳು. ಇದಕ್ಕೆ ಮಾತ್ರ ಅವಳಿಗೆ ಹೆಬ್ಬೆರಳು ಉಜ್ಜುವ ಕೆಲಸ ಬೀಳಲಿಲ್ಲ.

"ಥೂ" ಎಂದಳು.