ಮೊದಲ ಪಾಲು

ಟೈಲರಮ್ಮ ಎದ್ದು ನಿಂತಾಗ ಪ್ರಾರ್ಥನಾಲಯದಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪಾಸ್ಟರು ಆಗಷ್ಟೇ ವೆಲ್ಡರನ ಮಗುವಿನ ವಿಷಯ ಹೇಳಿ ಮುಗಿಸಿದ್ದರು. ಹೆರಿಗೆಯಲ್ಲಿ ತಾಯಿ ಹೋಗಿಬಿಟ್ಟಿದ್ದಳು. ದಿನ ತುಂಬದೆ ಹುಟ್ಟಿದ ಗಂಡುಕೂಸು ಯಾವ ಡಬ್ಬಿಯ ಹಾಲು ಕೊಟ್ಟರೂ ಕಕ್ಕುತ್ತಿತ್ತು. ಎದೆಹಾಲು ಸಿಕ್ಕರೆ ಉಳಿದೀತು ಎಂದು ಡಾಕ್ಟರು ಹೇಳಿದ್ದರಂತೆ. ವೆಲ್ಡರ್ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆಗಳಿದ್ದ ಅವನ ಕುತ್ತಿಗೆಯನ್ನು ನೋಡುತ್ತ ನೋಡುತ್ತ ಟೈಲರಮ್ಮನಿಗೆ ಕೂತಿರಲು ಆಗಲಿಲ್ಲ.

"ನಮ್ಮನೇಲಿ ಹಾಲಿದೆ," ಅಂದಳು. "ನನ್ನ ಸೊಸೆ ಕೊಡ್ತಾಳೆ."

ಅಲ್ಲಲ್ಲಿ ಸ್ತೋತ್ರ, ಸ್ತೋತ್ರ ಎಂಬ ದನಿಗಳೆದ್ದವು. ವೆಲ್ಡರ್ ತಿರುಗಿ ಕೈಮುಗಿದ. ಯಾರೋ ಮೂಗು ಸೀಟಿದರು.

ಸೊಸೆ ಆಗ ಹಿಂಭಾಗದ ಗಾಜಿನ ಕೋಣೆಯಲ್ಲಿದ್ದಳು. ಕೈಗೂಸಿನ ತಾಯಂದಿರಿಗೆಂದೇ ಮಾಡಿಸಿದ ಕೋಣೆ ಅದು. ಸಭೆಯಲ್ಲಿ ಆಡಿದ್ದೆಲ್ಲ ಒಂದು ಪುಟ್ಟ ಸ್ಪೀಕರಿನಲ್ಲಿ ಒಳಗೆ ಕೇಳಿಸುತ್ತದೆ. ಒಳಗೆ ಆಡಿದ್ದು, ಅತ್ತದ್ದು ಹೊರಗೆ ಕೇಳಿಸುವುದಿಲ್ಲ. ಟೈಲರಮ್ಮ ಹಿಂದಿರುಗಿ ನೋಡಿದಳು. ಗಾಜಿನಾಚೆ ಸೊಸೆ ಮಗುವನ್ನು ಎದೆಗೊತ್ತಿಕೊಂಡು ಮೈ ತೂಗುತ್ತಿದ್ದಳು. ಮೈಯ ಜೊತೆ ತಲೆಯೂ ತೂಗುತ್ತಿತ್ತು. ಒಪ್ಪಿದಳು ಎಂದುಕೊಂಡಳು ಟೈಲರಮ್ಮ. ಹಾಗೆಂದುಕೊಳ್ಳುವುದು ಆ ಹೊತ್ತಿಗೆ ಅವಳಿಗೆ ಬೇಕೂ ಆಗಿತ್ತು.

ಕೊಡುವ ವಿಷಯದಲ್ಲಿ ಟೈಲರಮ್ಮನ ಮನೆಗೆ ಒಂದು ಕಟ್ಟಳೆಯಿತ್ತು. ಮೊದಲ ಪಾಲು ಮನೆಯವರದ್ದಲ್ಲ. ಒಲೆಯಿಂದಿಳಿಸಿದ ಪಾತ್ರೆಯಲ್ಲಿ ಮೊದಲ ಸೌಟು ಬೀದಿಯ ಕೊನೆಯಲ್ಲಿ ಒಂಟಿಯಾಗಿದ್ದ ಮುದುಕ ಕಾವಲುಗಾರನಿಗೆ. ವಾರದಲ್ಲಿ ಹೊಲಿದ ಮೊದಲ ಬಟ್ಟೆ ಕೂಲಿಯಿಲ್ಲದೆ ಯಾರಾದರೂ ಇಲ್ಲದವರಿಗೆ. ಗಂಡ ತೀರಿಕೊಂಡು, ಮಗನಿನ್ನೂ ಶಾಲೆಗೆ ಹೋಗುತ್ತಿದ್ದ ಕಷ್ಟದ ದಿನಗಳಲ್ಲೂ ಅವಳು ಇದನ್ನು ತಪ್ಪಿಸಿರಲಿಲ್ಲ. ದೇವರಿಗೆ ಉಳಿದದ್ದನ್ನು ಕೊಡಬಾರದು, ಮೊದಲಿನದನ್ನು ಕೊಡಬೇಕು, ಉಳಿದದ್ದರಲ್ಲಿ ಅವನೇ ನಮ್ಮನ್ನು ನೋಡಿಕೊಳ್ಳುತ್ತಾನೆ ಎಂಬುದು ಅವಳ ನಂಬಿಕೆ. ಆ ನಂಬಿಕೆ ಅವಳ ಕೈ ಬಿಟ್ಟಿರಲೂ ಇಲ್ಲ.

ಹಾಗಾಗಿ ಮಾರನೆಯ ದಿನ ವೆಲ್ಡರ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ಟವೆಲಿನಲ್ಲಿ ಸುತ್ತಿದ ಕೂಸನ್ನು ತಂದುಕೊಟ್ಟಾಗ, ಯಾರಿಗೆ ಮೊದಲು ಎಂಬ ಪ್ರಶ್ನೆಯೇ ಅವಳಿಗೆ ಏಳಲಿಲ್ಲ.

"ಮೊದಲು ಇವನಿಗೆ ಕೊಡಮ್ಮ," ಅಂದಳು ಸೊಸೆಗೆ. "ನಮ್ಮ ಪುಟ್ಟಿಗೆ ಆಮೇಲೆ ಆಗತ್ತೆ."

ಸೊಸೆ ಅತ್ತೆಯ ಮುಖವನ್ನು ಒಮ್ಮೆ ನೋಡಿ, ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಹೆಚ್ಚು ಮಾತಿನ ಹುಡುಗಿಯಲ್ಲ. ಗಂಡ ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಅವನಿಲ್ಲದ ಮನೆಯಲ್ಲಿ ಅವಳ ಮಾತು ಇನ್ನೂ ಕಡಿಮೆ. ಕೂಸಿಗೆ ಮೊದಮೊದಲು ಚೀಪಲೂ ತ್ರಾಣವಿರಲಿಲ್ಲ. ಹಾಲನ್ನು ಹಿಂಡಿ ಚಮಚದಲ್ಲಿ ತುಟಿಗೆ ಹನಿಸಬೇಕಾಗುತ್ತಿತ್ತು. ಕ್ರಮೇಣ ಅದು ಕಲಿಯಿತು. ಕಲಿತ ಮೇಲೆ ಬಿಡಲೊಲ್ಲದು. ಪುಟ್ಟಿ ಪಕ್ಕದಲ್ಲಿ ಮಲಗಿ ಮುಷ್ಟಿ ಚೀಪುತ್ತ ತನ್ನ ಸರದಿಗೆ ಕಾಯುತ್ತಿತ್ತು.

ಊರು ತುಂಬ ಒಳ್ಳೆಯ ಮಾತು. ಪಾಸ್ಟರು ಉಪದೇಶ ಮಾಡುವಾಗ ಹೆಸರೆತ್ತದೆ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, ನಮ್ಮ ನಡುವೆಯೇ ಒಂದು ಮನೆ ಇದೆ ಅಂದರು. ಆರಾಧನೆ ಮುಗಿದ ಮೇಲೆ ಬೇಕರಿಯವನ ಹೆಂಡತಿ ತನ್ನ ಕೈಗೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು.

"ಏನು ಟೈಲರಮ್ಮ, ಹೊಲಿಗೆ ಅಂಗಡಿ ಮುಚ್ಚಿ ಡೈರಿ ಇಟ್ರಂತೆ."

"ಇಟ್ಟಿದ್ದೀನಲ್ಲ. ನಿಂಗೂ ಬೇಕಾ, ಡಬ್ಬ ತಂದಿದ್ದೀಯಾ?"

"ನಂಗ್ಯಾಕೆ. ನಿಮ್ಮ ಸೊಸೆ ಮುಖ ನೋಡಿ ಕೇಳ್ದೆ. ಹಿಂಡಿ ಒಣಗ್ಹಾಕಿದ ಬಟ್ಟೆ ಹಾಗಾಗಿದ್ದಾಳೆ."

ಟೈಲರಮ್ಮ ನಕ್ಕಳು. ನಕ್ಕಿದ್ದು ಬಾಯಷ್ಟೇ. ಆವತ್ತಿನಿಂದ ಸೊಸೆಯ ತಟ್ಟೆಗೆ ಬಡಿಸುವುದನ್ನು ಹೆಚ್ಚು ಮಾಡಿದಳು. ಬೇಡವೆಂದರೂ ಬಿಡಲಿಲ್ಲ, ಪಕ್ಕದಲ್ಲೇ ನಿಂತು ಉಣ್ಣಿಸಿದಳು. ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಅವಳ ಕಿವಿ ಒಳಗಿನ ಕೋಣೆಯಲ್ಲಿರುತ್ತಿತ್ತು. ಮೊದಲು ಗುಟುಕರಿಸುವ ಸದ್ದು, ಅದು ಗಂಡುಕೂಸಿನದು. ಆಮೇಲೆ ಪುಟ್ಟಿಯ ಸರದಿ. ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ ಸಿಡಿಮಿಡಿಯ ಅಳು, ಆಮೇಲೆ ಸೊಸೆಯ ಶ್, ಶ್, ಶ್. ಪುಟ್ಟಿ ಇತ್ತೀಚೆಗೆ ಹೆಚ್ಚು ಅಳುತ್ತಿರಲಿಲ್ಲ. ಜಾಣ ಮಗು, ಹೊಂದಿಕೊಂಡಿತು ಎಂದು ಟೈಲರಮ್ಮ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಗೊತ್ತಾದದ್ದು ಬಟ್ಟೆಯಿಂದ. ಬೆಳೆಯುವ ಮಕ್ಕಳಿಗೆ ಹೊಲಿಯುವಾಗ ಅವಳು ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಗಲ ಬಟ್ಟೆಯನ್ನು ಮಡಿಸಿ ಬಿಡುತ್ತಿದ್ದಳು. ಬಿಗಿಯಾದಾಗ ಬಿಚ್ಚಿ ಅಗಲ ಮಾಡಬಹುದು. ಇಬ್ಬರಿಗೂ ಒಂದೇ ಬಟ್ಟೆಯ ತಾನಿನಲ್ಲಿ ಅಂಗಿ ಹೊಲಿದಿದ್ದಳು, ಅವನಿಗೆ ಸಣ್ಣದು, ದೊಡ್ಡವಳಾದ ಪುಟ್ಟಿಗೆ ಒಂದು ಅಳತೆ ಹೆಚ್ಚಿನದು. ಗಂಡುಕೂಸಿನ ಅಂಗಿಯನ್ನು ಒಮ್ಮೆ ಬಿಚ್ಚಿ ಅಗಲ ಮಾಡಿಯಾಗಿತ್ತು. ಈಗ ಮತ್ತೆ ಕಂಕುಳಲ್ಲಿ ಬಿಗಿ. ಒಳಗೆ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ. ಹೊಸದೇ ಹೊಲಿಯಬೇಕು ಎಂದುಕೊಂಡು, ಹಾಗೇ ಪುಟ್ಟಿಯದ್ದನ್ನೂ ನೋಡೋಣವೆಂದು ಎತ್ತಿಕೊಂಡಳು.

ಪುಟ್ಟಿಯ ಅಂಗಿಯ ಮಡಿಕೆ ಹೊಲಿದ ದಿನ ಹೇಗಿತ್ತೋ ಹಾಗೇ ಇತ್ತು. ಎದೆಯ ಹತ್ತಿರ ಬೆರಳು ಹಾಕಿ ನೋಡಿದಳು. ಬೆರಳಲ್ಲ, ಇಡೀ ಅಂಗೈ ಹೋಯಿತು. ಅವಳ ಕೈ ಎಷ್ಟೋ ಮಕ್ಕಳ ಅಳತೆ ತೆಗೆದ ಕೈ. ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಪುಟ್ಟಿ ಅವಳನ್ನೇ ನೋಡುತ್ತ ಮಲಗಿತ್ತು, ಕಣ್ಣು ದೊಡ್ಡದು ಮಾಡಿಕೊಂಡು.

ಅವಳು ಯಾರಿಗೂ ಹೇಳಲಿಲ್ಲ. ಎರಡು ದಿನ ಪ್ರಾರ್ಥನೆ ಮಾಡಿದಳು. ಕೊಟ್ಟ ಮಾತು ಹಿಂತೆಗೆದರೆ ಸಭೆ ಏನಂದೀತು ಎಂಬುದು ಒಂದು ಭಯ; ದೇವರೇ ಪರೀಕ್ಷಿಸುತ್ತಿದ್ದಾನೋ ಏನೋ ಎಂಬುದು ಇನ್ನೊಂದು. ಪ್ರಾರ್ಥನೆಯ ನಡುವೆ ಕಣ್ಣು ತೆರೆದು ತೊಟ್ಟಿಲ ಕಡೆ ನೋಡಿದ್ದೇ ಹೆಚ್ಚು. ಮೂರನೆಯ ದಿನ, ಹೊಟ್ಟೆ ತುಂಬಿ ಮಲಗಿದ್ದ ಗಂಡುಕೂಸನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಚುಚ್ಚುಮದ್ದಿನ ನೆಪ ಮಾಡಿ ಸೊಸೆಯನ್ನೂ ಪುಟ್ಟಿಯನ್ನೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ನರ್ಸ್ ಪುಟ್ಟಿಯನ್ನು ತಕ್ಕಡಿಯಲ್ಲಿಟ್ಟಳು. ಎತ್ತಿದಳು. ಮುಳ್ಳು ಸರಿಯಿದೆಯೇ ನೋಡಿ, ಮತ್ತೆ ಇಟ್ಟಳು.

"ಹೋದ ಸಲಕ್ಕಿಂತ ತೂಕ ಏರೇ ಇಲ್ಲವಲ್ಲಮ್ಮ. ಹಾಲು ಸಾಕಾಗ್ತಿದ್ಯಾ?"

"ಇನ್ನೊಂದು ಮಗೂಗೂ ಕೊಡ್ತೀನಿ," ಅಂದಳು ಸೊಸೆ.

"ಕೊಡು, ಬೇಡ ಅನ್ನಲ್ಲ. ಮೊದಲು ಯಾರಿಗೆ?"

"ಅವನಿಗೆ."

"ಹೊಟ್ಟೆ ತುಂಬೋವರೆಗೂ?"

"ಹೂಂ."

ನರ್ಸ್ ಪುಟ್ಟಿಯ ತೊಡೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. "ಹಾಗೆ ಮಾಡು ಅಂತ ಯಾರು ಹೇಳಿದ್ದು?"

ಟೈಲರಮ್ಮ ಗೋಡೆಗೆ ಅಂಟಿಸಿದ ಕೈತೊಳೆಯುವ ಚಿತ್ರವನ್ನು ನೋಡುತ್ತ ನಿಂತಳು. ಸೊಸೆ ಅತ್ತೆಯ ಕಡೆ ತಿರುಗಲೂ ಇಲ್ಲ. "ಯಾರೂ ಹೇಳ್ಲಿಲ್ಲ. ನಮ್ಮನೇಲಿ ಹಾಗೇ," ಅಂದಳು. ಅವಳು ಬೆರಳು ಮಾಡಿ ತೋರಿಸಿದ್ದರೆ ಟೈಲರಮ್ಮನಿಗೆ ಇಷ್ಟು ನೋಯುತ್ತಿರಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಟೈಲರಮ್ಮ ನಿಂತಲ್ಲೇ ಹೇಳಿದಳು. "ನಾಳೆಯಿಂದ ಬೇಡ ಕಣಮ್ಮ. ನಾನು ಅವರಪ್ಪನಿಗೆ ಹೇಳ್ತೀನಿ. ಕರ್ಕೊಂಡು ಬರಬೇಡ ಅಂತೀನಿ. ನಂದೇ ತಪ್ಪು."

ಸೊಸೆ ಪುಟ್ಟಿಯ ಟೋಪಿ ಬಿಚ್ಚುತ್ತಿದ್ದಳು. "ಕರ್ಕೊಂಡು ಬರಬೇಡ ಅಂದ್ರೆ ಅದು ಏನು ಕುಡಿಯತ್ತೆ?"

"ದೇವರು ದಾರಿ ತೋರಿಸ್ತಾನೆ."

"ಅತ್ತೆ." ಆ ಹುಡುಗಿ ದನಿ ಏರಿಸಲಿಲ್ಲ. "ಕೊಡ್ತೀನಿ ಅಂದಿದ್ದೂ ನೀವೇ. ಕೊಡಲ್ಲ ಅನ್ನೋದೂ ನೀವೇನಾ? ಮಧ್ಯೆ ನಾನೇನು, ನಲ್ಲೀನಾ? ತಿರುಗಿಸಿದ್ರೆ ಬರೋದಕ್ಕೆ, ನಿಲ್ಲಿಸಿದ್ರೆ ನಿಲ್ಲೋದಕ್ಕೆ?"

ಟೈಲರಮ್ಮ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು.

"ಗಾಜಿನ ಕೋಣೇಲಿ ಕೂತು ಸ್ಪೀಕರಲ್ಲಿ ಕೇಳ್ದೆ, ನನ್ನ ಸೊಸೆ ಕೊಡ್ತಾಳೆ ಅಂತ. ಆಮೇಲೆ ಎಲ್ಲರೂ ತಿರುಗಿ ನನ್ನೇ ನೋಡಿದ್ರು. ಆಗ ಇಲ್ಲ ಅನ್ನೋಕೆ ನಂಗೆ ಜಾಗ ಎಲ್ಲಿತ್ತು? ಅಂದ್ರೂ ಯಾರಿಗೆ ಕೇಳಿಸ್ತಿತ್ತು?"

"ನೀನು ತಲೆ ಆಡಿಸಿದ ಹಾಗೆ..."

"ಮಗೂನ ತೂಗ್ತಿದ್ದೆ ಅತ್ತೆ."

ಪುಟ್ಟಿ ಟೋಪಿಯ ದಾರವನ್ನು ಬಾಯಿಗೆ ಹಾಕಿಕೊಂಡಿತು. ಸೊಸೆ ಅದನ್ನು ಮೆಲ್ಲಗೆ ಬಿಡಿಸಿ, ರವಿಕೆಯ ಗುಂಡಿ ತೆಗೆದು, ಮಗುವನ್ನು ಎದೆಗೆ ಹಚ್ಚಿಕೊಂಡಳು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

"ಈಗ ಆ ಕೂಸಿಗೆ ನನ್ನ ವಾಸನೆ ಗೊತ್ತು," ಅಂದಳು. "ನಾನು ಬಾಗಿಲ ಹತ್ರ ಬಂದ್ರೆ ಕತ್ತು ತಿರುಗಿಸತ್ತೆ. ಬಿಟ್ಟುಬಿಡು ಅಂದ್ರೆ ಬಿಡೋಕಾಗಲ್ಲ ನಂಗೆ. ಆದ್ರೆ ಇನ್ನು ಮೇಲೆ ಪುಟ್ಟಿಗೆ ಮೊದಲು. ಇವಳು ಸಾಕು ಅಂದ ಮೇಲೆ ಅವನಿಗೆ. ಅದು ಅವನಿಗೆ ಸಾಲಲ್ಲ, ನಂಗೊತ್ತು. ಸಾಲದೇ ಇರೋದಕ್ಕೆ ನೀವು ದಾರಿ ನೋಡಿ. ಸಭೇಲಿ ಎದ್ದು ನಿಂತ್ಕೊಂಡಲ್ಲ. ಕೈಗೂಸಿರೋ ಒಬ್ಬೊಬ್ಬರ ಮನೆಗೆ ಹೋಗಿ ಕೇಳಿ. ಇಲ್ಲ ಅನ್ನೋಕೆ ಜಾಗ ಇರೋ ಹಾಗೆ ಕೇಳಿ."

ಟೈಲರಮ್ಮ ಮೊದಲು ವೆಲ್ಡರನ ಶೆಡ್ಡಿಗೆ ಹೋದಳು. ಅವನು ಒಂದು ಗೇಟಿಗೆ ಬೆಸುಗೆ ಹಾಕುತ್ತಿದ್ದ. ಅವಳನ್ನು ಕಂಡು ಮುಖದ ಕವಚ ಮೇಲೆತ್ತಿದ. ಅವಳು ಸುತ್ತಿ ಬಳಸದೆ ಹೇಳಿದಳು. ಕೇಳುತ್ತ ಕೇಳುತ್ತ ಅವನು ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡು, ಮತ್ತೆ ಬಿಚ್ಚಿದ.

"ನಂಗಾದ್ರೂ ಗೊತ್ತಾಗ್ಬೇಕಿತ್ತಮ್ಮ," ಅಂದ ಕೊನೆಗೆ. "ನನ್ನ ಮಗ ಗುಂಡಗೆ ಆಗ್ತಿದ್ದಾನೆ ಅಂತ ಕುಣೀತಿದ್ದೆ. ಪುಟ್ಟಿ ಕಡೆ ತಿರುಗಿ ನೋಡ್ಲೇ ಇಲ್ಲ."

"ನೀನು ನೋಡೋ ಕೆಲಸ ಅಲ್ಲಪ್ಪ ಅದು. ನಂದು."

"ನಾಳೆಯಿಂದ ಡಬ್ಬಿ ಹಾಲೇ ಇನ್ನೊಂದು ಸಲ ಪ್ರಯತ್ನ ಮಾಡ್ತೀನಿ. ಈಗ ಸ್ವಲ್ಪ ಗಟ್ಟಿಯಾಗಿದ್ದಾನಲ್ಲ."

"ಡಾಕ್ಟರನ್ನ ಕೇಳ್ದೆ ಏನೂ ಮಾಡಬೇಡ. ಬೆಳಿಗ್ಗೆ ಕರ್ಕೊಂಡು ಬಾ. ನಮ್ಮ ಹುಡುಗಿ ಬಾ ಅಂದಿದ್ದಾಳೆ. ಅವಳೇ ಅಂದಿದ್ದು." ಆ ಕೊನೆಯ ಮಾತನ್ನು ಅವಳು ಎರಡು ಸಲ ಹೇಳಿದಳು.

ಅಲ್ಲಿಂದ ಬೇಕರಿಯ ಮೇಲಿನ ಮನೆಗೆ. ಮೆಟ್ಟಿಲ ಮೇಲೆಲ್ಲ ಬೆಂದ ಹಿಟ್ಟಿನ ಬಿಸಿ. ಬೇಕರಿಯವನ ಹೆಂಡತಿ ಬಾಗಿಲಲ್ಲೇ ನಿಂತು, ತನ್ನ ಕೂಸಿನ ಬೆನ್ನು ತಟ್ಟುತ್ತ ಕೇಳಿಸಿಕೊಂಡಳು. ಇವತ್ತು ತಮಾಷೆ ಮಾಡಲಿಲ್ಲ.

"ನಂಗಾಗಲ್ಲ ಟೈಲರಮ್ಮ."

ಟೈಲರಮ್ಮನ ನಾಲಿಗೆಯ ತುದಿಗೆ ಮಾತುಗಳು ಓಡಿಬಂದವು. ಸತ್ತವಳು ನಿನ್ನ ಪಕ್ಕದಲ್ಲೇ ಕೂತು ಹಾಡುತ್ತಿದ್ದಳಲ್ಲ. ಕರ್ತನು ನಿನಗೆ ಕೊಟ್ಟದ್ದರಲ್ಲಿ ಒಂದು ಪಾಲು. ಇಂಥ ಮಾತುಗಳು ಅವಳಿಗೆ ಹುಡುಕದೆ ಸಿಗುತ್ತಿದ್ದವು, ಇವುಗಳಿಂದ ಅವಳು ಎಷ್ಟೋ ಮನೆಗಳ ಬಾಗಿಲು ತೆರೆಸಿದ್ದಳು. ನಾಲಿಗೆ ಕಚ್ಚಿಕೊಂಡಳು.

"ಆಗಲಿ ಬಿಡಮ್ಮ."

"ಯಾಕೆ ಅಂತ ಕೇಳಲ್ವಾ?"

"ಇಲ್ಲ."

"ಬೇಜಾರಾಯ್ತಾ?"

ಆಗಿತ್ತು. ಸಿಟ್ಟೂ ಬಂದಿತ್ತು. "ಆಯ್ತು," ಅಂದಳು. "ಆದ್ರೆ ಅದು ನಂದು. ನೀನು ತಲೆಗೆ ಹಚ್ಕೋಬೇಡ." ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿದಳು. ಕೊಡುವುದಕ್ಕೆ ಯಾರದೋ ಮನೆಗೆ ಹೋಗುವಾಗ ಹೀಗೆ ಎಂದೂ ಗೋಡೆ ಹಿಡಿದಿರಲಿಲ್ಲ. ಬೇಡುವುದು ಇಷ್ಟು ಕಷ್ಟವೆಂದು ತಿಳಿಯದೆಯೇ ಇಷ್ಟು ವರ್ಷ ಬೇಡುವವರ ಮುಂದೆ ನಿಂತಿದ್ದಳು.

ಇನ್ನು ಅವಳಿಗೆ ಗೊತ್ತಿದ್ದದ್ದು ಒಂದೇ ಮನೆ. ಶಾಲೆಯ ವ್ಯಾನ್ ಓಡಿಸುವವನದು. ಅವನ ಹೆಂಡತಿ ಸಭೆಗೆ ಹೊಸಬಳು, ಗಾಜಿನ ಕೋಣೆಯಲ್ಲಿ ಮೂಲೆ ಹಿಡಿದು ಕೂರುವವಳು. ಟೈಲರಮ್ಮನನ್ನು ಕಂಡರೆ ಹೆದರಿ ಎದ್ದು ನಿಲ್ಲುವವಳು. ಕೇಳಿದರೆ ಹೂಂ ಅಂದೇ ಅನ್ನುತ್ತಾಳೆ. ಆ ಹೂಂಗೆ ಹೆದರಿಯೇ ಟೈಲರಮ್ಮ ಬೀದಿಯಲ್ಲಿ ಎರಡು ಸಲ ನಿಂತಳು. ವೆಲ್ಡರನ ಕೂಸು ನಾಳೆ ಬೆಳಿಗ್ಗೆ ಅರೆಹೊಟ್ಟೆಯಲ್ಲಿ ಏಳುತ್ತದೆ. ಈ ಹುಡುಗಿ ಇಲ್ಲ ಅಂದರೆ ಮುಂದೇನು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆದರೂ ಇಲ್ಲ ಅನ್ನುವುದನ್ನು ಈ ಹುಡುಗಿಗೆ ಮೊದಲು ತಾನೇ ಹೇಳಿಕೊಡಬೇಕು. ಅದಕ್ಕೆ ಯಾವ ಮಾತು ಬಳಸಬೇಕು ಎಂದು ತುಟಿಯಲ್ಲೇ ಹೇಳಿ ನೋಡಿಕೊಂಡಳು. ಒಂದೂ ಸರಿಬರಲಿಲ್ಲ.

ಬಾಗಿಲ ಮುಂದೆ ಬಂದು ಕೈಯೆತ್ತಿದಳು. ಒಳಗೆ ಮಗು ಅಳುತ್ತಿತ್ತು. ಹಸಿದ ಅಳು. ಎತ್ತಿದ ಕೈಯನ್ನು ಅವಳು ಇಳಿಸಿ, ಮೆಟ್ಟಿಲಿನ ಮೇಲೆ ಕೂತಳು. ಒಳಗೆ ಅಳು ನಿಂತಿತು. ಆ ಮಗು ಕುಡಿದು ಮುಗಿಸಲಿ ಎಂದು ಅವಳು ಕಾಯತೊಡಗಿದಳು.