ಮೂರನೇ ಗುಟುಕು

ಎರಡನೇ ಗುಟುಕು ನೀರು ಕುಡಿದ ಅಧ್ಯಕ್ಷ ಲೀವನ್ ಡೆಪ್ರಾಟೆರ, ಲೋಟ ಕೆಳಗಿಡದೆ ಬಾಗಿಲ ಕಡೆ ನೋಡಿದ. ಬಾಗಿಲು ಮುಚ್ಚಿಯೇ ಇತ್ತು.

"ಯಾರದಾದರೂ ಆಕ್ಷೇಪ ಇದೆಯೇ?" ಮೂರನೇ ಸಲ ಕೇಳಿದ. ಕೇಳಿದ ಬೆನ್ನಿಗೇ ಮೂರನೇ ಗುಟುಕು. ಅದನ್ನು ಗುಟುಕು ಎನ್ನುವಂತೆಯೂ ಇರಲಿಲ್ಲ, ತುಟಿ ಒದ್ದೆಯಾಯಿತು ಅಷ್ಟೆ. ಸುತ್ತಿಗೆ ಮೇಜಿಗೆ ಬಿತ್ತು. ಗೊತ್ತುವಳಿ ಅಂಗೀಕಾರವಾಯಿತು.

ಯುರೋಪಿನ ಬುನಾದಿ ಎಂಜಿನಿಯರುಗಳ ಸಂಘದಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿಯಿಲ್ಲ. ಅಧ್ಯಕ್ಷ ಮೂರು ಸಲ ಕೇಳಬೇಕು, ಕೇಳಿದಾಗಲೆಲ್ಲ ನಿಧಾನವಾಗಿ ಒಂದು ಗುಟುಕು ನೀರು ಕುಡಿಯಬೇಕು. ಅಷ್ಟರೊಳಗೆ ಒಬ್ಬನೇ ಒಬ್ಬ ಪ್ರತಿನಿಧಿ ಬೇಡ ಎಂದರೂ ವಿಷಯ ಮುಂದಿನ ಸಮ್ಮೇಳನಕ್ಕೆ ಹೋಗುತ್ತದೆ. ಯಾರೂ ಮಾತಾಡದಿದ್ದರೆ ಒಪ್ಪಿದಂತೆ. ಸಂಘ ಹುಟ್ಟಿದಾಗ ಯುರೋಪು ಎರಡು ಹೋಳಾಗಿತ್ತು. ಸೋಫಿಯಾದಿಂದಲೋ ಬುಡಾಪೆಸ್ಟಿನಿಂದಲೋ ಬಂದ ಎಂಜಿನಿಯರನ ಹಿಂದಿನ ಸಾಲಿನಲ್ಲಿ ಅವನ ದೇಶದವನೇ ಒಬ್ಬ ಕೂತಿರುತ್ತಿದ್ದ. ಅವನಿಗೆ ಮಣ್ಣಿನ ವಿಷಯ ಏನೂ ಗೊತ್ತಿರುತ್ತಿರಲಿಲ್ಲ, ಯಾರು ಕೈ ಎತ್ತಿದರು ಎನ್ನುವುದು ಮಾತ್ರ ಗೊತ್ತಾಗಬೇಕಿತ್ತು. ಸುಮ್ಮನೆ ಕೂತವನನ್ನು ಊರಿಗೆ ಹೋದ ಮೇಲೆ ಯಾರೂ ಏನೂ ಕೇಳುವಂತಿರಲಿಲ್ಲ. ಹೀಗೆ ಮೌನಕ್ಕೆ ಮತದ ಬೆಲೆ ತಂದುಕೊಟ್ಟವನು ಬಲ್ಗೇರಿಯದ ಸ್ತೊಯಾನ್ ಕಂಬೂರೊವ್. ನೀರಿನ ಗುಟುಕೂ ಅವನದೇ ಸಲಹೆ. ಹೆದರಿದವನಿಗೆ ಬಾಯಿ ತೆರೆಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ ಎಂದಿದ್ದನಂತೆ.

ಈಗ ಘೆಂಟ್ ಊರಿನ ಮಳೆಯಲ್ಲಿ, ಸಭಾಂಗಣದ ಹೊರಗೆ, ಬಸ್ಸು ಬಂದಿದೆಯೇ ಎಂದು ನೋಡಲು ಹೋಗಿದ್ದವಳು ಆ ಸ್ತೊಯಾನನ ಮಗಳು, ಬಲ್ಗೇರಿಯದ ಈಗಿನ ಪ್ರತಿನಿಧಿ ರಾದ್ಕಾ. ಕಳಿಸಿದವನು ಲೀವನ್.

ಗೊತ್ತುವಳಿ ದೊಡ್ಡ ದೇಶಗಳದು. ಸಣ್ಣ ದೇಶಗಳಿಗೆ ಆಡಳಿತ ಮಂಡಳಿಯಲ್ಲಿ ಇನ್ನು ಮೇಲೆ ತಲಾ ಒಂದು ಕುರ್ಚಿ ಇರುವುದಿಲ್ಲ, ನಾಲ್ಕು ದೇಶ ಸೇರಿ ಒಂದನ್ನು ಹಂಚಿಕೊಳ್ಳಬೇಕು. ಇದಾಗದಿದ್ದರೆ ಸಂಘ ಬಿಡುತ್ತೇವೆ ಎಂದು ದೊಡ್ಡವರು ಹೇಳಿದ್ದರು. ಸಂಘ ತನ್ನ ಕಾಲದಲ್ಲೇ ಒಡೆಯಿತು ಎನಿಸಿಕೊಳ್ಳಬಾರದೆಂದು ಲೀವನ್ ಅವಧಿಯುದ್ದಕ್ಕೂ ಒಬ್ಬೊಬ್ಬರನ್ನೇ ಊಟಕ್ಕೆ ಕರೆದು ಒಪ್ಪಿಸಿದ್ದ. ಒಪ್ಪದೆ ಉಳಿದವಳು ರಾದ್ಕಾ ಒಬ್ಬಳೇ. ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಬ್ರೆಡ್ಡಿಗೆ ಚೀಸ್ ಇಡುತ್ತ, ತಾನು ಬೇಡ ಎನ್ನುವವಳೇ, ಆದರೆ ಸಿಟ್ಟಿನಿಂದಲ್ಲ ಎಂದು ಅವನ ಮುಖ ನೋಡಿಯೇ ಹೇಳಿದ್ದಳು.

ಮಧ್ಯಾಹ್ನ ಎಲ್ಲರೂ ಕಾಲುವೆಯ ಕಾಮಗಾರಿ ನೋಡಲು ಹೊರಡುವುದಿತ್ತು. ಅದರ ಏರ್ಪಾಟಿನಲ್ಲಿ ರಾದ್ಕಾಳೂ ಇದ್ದಳು. ಸಭೆಯ ನಡುವೆ ಲೀವನ್ ಅವಳತ್ತ ಬಾಗಿ, ಬಸ್ಸಿನ ಡ್ರೈವರ್ ಫೋನ್ ಮಾಡಿದ್ದಾನೆ, ದಾರಿ ತಪ್ಪಿದನೋ ಏನೋ, ಒಮ್ಮೆ ನೋಡುತ್ತೀರಾ ಎಂದ. ಅವಳು ಕೊಡೆಯನ್ನೂ ತೆಗೆದುಕೊಳ್ಳದೆ ಎದ್ದಳು. ಕೊನೆಗೆ ಬರಬೇಕಿದ್ದ ಗೊತ್ತುವಳಿಯನ್ನು ಅವನು ಆಗಲೇ ಮುಂದಕ್ಕೆ ತಂದ. ಯಾರ ಫೋನೂ ಬಂದಿರಲಿಲ್ಲ.

ಸುತ್ತಿಗೆ ಬಿದ್ದ ಮೇಲೆ ರಾದ್ಕಾ ತಲೆಯಿಂದ ನೀರು ಇಳಿಸಿಕೊಂಡು ಒಳಗೆ ಬಂದಳು. "ಬಸ್ಸು ಬಾಗಿಲಲ್ಲೇ ಇದೆ ಅಧ್ಯಕ್ಷರೇ. ಡ್ರೈವರ್ ಆರಾಮಾಗಿ ಬ್ರೆಡ್ ತಿಂತಾ ಕೂತಿದಾನೆ. ನಾನ್ಯಾರಿಗೂ ಫೋನ್ ಮಾಡಿಲ್ಲಮ್ಮ ಅಂತಾನೆ," ಎಂದು ನಕ್ಕಳು. ಪಕ್ಕದ ಪೋರ್ಚುಗಲ್ಲಿನವನು ಅವಳ ಕಿವಿಯಲ್ಲಿ ಏನೋ ಹೇಳಿದ. ನಗು ಅವಳ ಮುಖದ ಮೇಲೆ ಇನ್ನೂ ಕೊಂಚ ಹೊತ್ತು ಇತ್ತು, ಅದಕ್ಕೆ ಸುದ್ದಿ ತಲುಪಿರಲಿಲ್ಲ.

ಕೂಗಾಡುತ್ತಾಳೆ ಎಂದುಕೊಂಡಿದ್ದ ಲೀವನ್. ಕೂಗಾಡಿದ್ದರೆ ನಿಯಮ ತೋರಿಸಬಹುದಿತ್ತು. ಅವಳು ಕರವಸ್ತ್ರದಿಂದ ಕೂದಲೊರೆಸಿಕೊಂಡು ತನ್ನ ಜಾಗದಲ್ಲಿ ಕೂತಳು. ಅವನ ಕಿವಿಗಳು ಬಿಸಿಯಾದವು.

ಕಾಫಿಯ ಹೊತ್ತಿಗೆ ಜರ್ಮನಿಯವರು ಬಂದು ಅವನ ಬೆನ್ನು ತಟ್ಟಿದರು. ಆ ಕೈ ತೆಗೆದರೆ ಸಾಕೆನಿಸಿತು. ಸಂಘದ ಕಾರ್ಯದರ್ಶಿ ಗೋಡೆಲೀವ್ ಅವನ ಜೊತೆ ಓದಿದವಳು. ಬಿಸ್ಕತ್ತಿನ ತಟ್ಟೆ ಹಿಡಿದು ಹತ್ತಿರ ಬಂದಳು.

"ಬಸ್ಸು ನೋಡೋದು ನನ್ನ ಕೆಲಸ ಅಲ್ವೇನೋ ಲೀವನ್? ಇಷ್ಟು ವರ್ಷ ನಾನೇ ನೋಡಿಲ್ವಾ?"

"ಆಗ ಹೊಳೀಲಿಲ್ಲ ಮಾರಾಯ್ತಿ."

"ಹೊಳೀದೆ ಏನು. ಚೆನ್ನಾಗೇ ಹೊಳೀತು ನಿಂಗೆ." ಬಿಸ್ಕತ್ತನ್ನು ಅವನಿಗೆ ಕೊಡದೆ ತಟ್ಟೆ ಒಯ್ದಳು.

ಕಾಲುವೆಯ ಹತ್ತಿರ ಮಳೆ ನಿಂತಿತ್ತು. ಹಳದಿ ಹೆಲ್ಮೆಟ್ಟಿನೊಳಗೆ ಎಲ್ಲರೂ ಒಂದೇ ಥರ ಕಾಣುತ್ತಿದ್ದರು, ಅದು ಲೀವನ್‌ಗೆ ಸಮಾಧಾನ ಕೊಟ್ಟಿತು. ರಾದ್ಕಾ ಕಟಕಟೆಗೆ ಒರಗಿ ಕೆಳಗಿನ ಅಗೆತ ನೋಡುತ್ತಿದ್ದಳು. ಅವನ ಕೋಟಿನ ಜೇಬಿನಲ್ಲಿ ಸಂಘದ ಗೌರವ ಪದಕವಿತ್ತು, ಮೊದಲ ಸಮ್ಮೇಳನದ ಊರಿನ ಜೇಡಿಮಣ್ಣನ್ನು ಹಿತ್ತಾಳೆಯಲ್ಲಿ ಕೂರಿಸಿದ್ದು. ಯಾರಿಗೆ ಕೊಡಬೇಕೆನ್ನುವುದು ಅಧ್ಯಕ್ಷನಿಗೇ ಬಿಟ್ಟದ್ದು. ಬಸ್ಸಿನಲ್ಲಿ ಬರುವಾಗ ಅವನು ತೀರ್ಮಾನಿಸಿದ್ದ.

ಸುತ್ತಿ ಬಳಸಿ ಹೇಳಿದ. ಇವತ್ತು ರಾತ್ರಿ ಊಟದಲ್ಲಿ ಅವಳ ಹೆಸರು ಘೋಷಿಸುತ್ತೇನೆ. ಪದಕ ಪಡೆದ ಗೌರವ ಸದಸ್ಯೆಗೆ ಮಂಡಳಿಯಲ್ಲಿ ಬದುಕಿರುವವರೆಗೂ ಕುರ್ಚಿ ಇರುತ್ತದೆ. ಅವಳ ತಂದೆಗೆ ಸಿಗಬೇಕಾಗಿದ್ದದ್ದು ಇದು.

"ಆ ಕುರ್ಚಿಯಲ್ಲಿ ಕೂತು ಮಾತಾಡಬಹುದಾ?" ಎಂದಳು ರಾದ್ಕಾ.

"ಖಂಡಿತ."

"ಬೇಡ ಅನ್ನಬಹುದಾ? ಅಂದ್ರೆ ಗೊತ್ತುವಳಿ ನಿಲ್ಲುತ್ತಾ?"

ಗೌರವ ಸದಸ್ಯರ ಆಕ್ಷೇಪ ಲೆಕ್ಕಕ್ಕೆ ಬರುವುದಿಲ್ಲ. ಅವನು ಕೆಸರು ಮೆತ್ತಿದ ತನ್ನ ಬೂಟು ನೋಡಿದ.

"ಡ್ರೈವರ್ ಫೋನ್ ಮಾಡಿರಲಿಲ್ಲ," ಎಂದ ಕೊನೆಗೆ.

"ಗೊತ್ತು. ಅವನನ್ನೇ ಕೇಳಿದೆನಲ್ಲ." ಅವಳು ಅವನ ಕಡೆ ತಿರುಗಿದಳು. "ನಾಳೆ ಸಮಾರೋಪದಲ್ಲಿ ಎಲ್ಲರೂ ಇರ್ತಾರೆ. ನನ್ನೆದುರಿಗೆ ಇನ್ನೊಂದ್ಸಲ ಕೇಳ್ತೀರಾ? ಮೂರು ಗುಟುಕು, ನಿಧಾನಕ್ಕೆ."

ಕೇಳಬಹುದಿತ್ತು. ಅಂಗೀಕಾರವಾದದ್ದನ್ನು ಅದೇ ಸಮ್ಮೇಳನದಲ್ಲಿ ಮತ್ತೆ ಎತ್ತಿಕೊಳ್ಳುವ ಅಧಿಕಾರ ಅಧ್ಯಕ್ಷನಿಗೆ ಇದೆ. ಆದರೆ ಯಾಕೆ ಎತ್ತಿಕೊಂಡೆ ಎಂದು ಸಭೆಗೆ ಹೇಳಬೇಕಾಗುತ್ತದೆ. ಬಸ್ಸಿನ ಮಾತನ್ನು ಆ ಮೈಕಿನೊಳಗೆ ಹೇಳುವುದನ್ನು ಅವನು ಊಹಿಸಿಕೊಂಡ. ಕೆಳಗೆ ಯಂತ್ರವೊಂದು ಮಣ್ಣು ಎತ್ತಿತು, ಸುರಿಯಿತು.

"ಸುಮ್ಮನಿದೀರಿ," ಎಂದಳು ರಾದ್ಕಾ. "ನಮ್ಮ ಸಂಘದ ಲೆಕ್ಕದಲ್ಲಿ ಒಪ್ಪಿದ ಹಾಗೆ."

"ಆಗಲ್ಲ ರಾದ್ಕಾ ಅವರೇ. ಅದೊಂದು ಆಗಲ್ಲ," ಎಂದ ಲೀವನ್. ಹೇಳುತ್ತಲೇ ಜೇಬಿನಿಂದ ಪದಕದ ಡಬ್ಬಿ ತೆಗೆದು ಮುಚ್ಚಳ ತೆರೆದು ಅವಳ ಮುಂದೆ ಹಿಡಿದ. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳು ಒಳಗಿದ್ದ ಮಣ್ಣನ್ನು ನೋಡಿದಳು. ಯಾವ ಮಣ್ಣು ಎಂದು ಅವಳಿಗೆ ಗೊತ್ತಿತ್ತು.

"ಬೇಡ," ಎಂದಳು.